ಹಳ್ಳಿಗೆ ಮನೆ ಬದಲಿಸುವವರು ಮೊದಲು ಎಣ್ಣೆ ಟ್ಯಾಂಕ್ ನೋಡಿ

ಇಂಗ್ಲೆಂಡಿನ ಹಳ್ಳಿ ಕಡೆ ಮನೆ ಹುಡುಕುತ್ತಿರುವವರಿಗೆ ಒಂದು ಮಾತು. ಇಲ್ಲಿ ಎಷ್ಟೋ ಹಳ್ಳಿಗಳಿಗೆ ಗ್ಯಾಸ್ ಪೈಪ್ ಬಂದೇ ಇಲ್ಲ. ಅಂಥ ಕಡೆ ಮನೆ ಬೆಚ್ಚಗಾಗುವುದು ಹೆಚ್ಚಾಗಿ ಹಿತ್ತಲಿನ ಟ್ಯಾಂಕಿನಲ್ಲಿರುವ ಸೀಮೆಎಣ್ಣೆಯಿಂದ. ಹೌದು, ನಮ್ಮೂರಲ್ಲಿ ರೇಷನ್ ಅಂಗಡಿ ಮುಂದೆ ಕ್ಯಾನ್ ಹಿಡಿದು ನಿಲ್ಲುತ್ತಿದ್ದೆವಲ್ವಾ, ಅದೇ ಸೀಮೆಎಣ್ಣೆ.

ಮೊದಲ ವರ್ಷ ನಮಗಿದು ಗೊತ್ತಿರಲಿಲ್ಲ. ಡಿಸೆಂಬರಿನ ಒಂದು ರಾತ್ರಿ, ಎಣ್ಣೆ ಉರಿಸಿ ಮನೆ ಬಿಸಿಮಾಡುವ ಬಾಯ್ಲರ್ ನಿಂತೇಹೋಯಿತು. ಟ್ಯಾಂಕ್ ತಟ್ಟಿದರೆ ಖಾಲಿ ಕೊಡದ ಸದ್ದು. ಎಣ್ಣೆ ಲಾರಿ ಬಂದದ್ದು ಒಂಬತ್ತು ದಿನದ ಮೇಲೆ. ಅಲ್ಲಿಯವರೆಗೆ ಮಗಳನ್ನು ಎರಡೆರಡು ಸ್ವೆಟರ್ ಹಾಕಿ ಮಲಗಿಸಿದೆವು. ಎಣ್ಣೆ ಪೂರ್ತಿ ಮುಗಿದರೆ ಪೈಪಿಗೆ ಗಾಳಿ ಸೇರುತ್ತದೆ, ಅದನ್ನು ತೆಗೆಸುವ ಖರ್ಚು ಬೇರೆ.

ಅದಕ್ಕೇ ಬೇಸಿಗೆಯಲ್ಲೇ ತುಂಬಿಸಿಡಿ. ಸಾಮಾನ್ಯವಾಗಿ ಒಂದು ಸಲಕ್ಕೆ ಕನಿಷ್ಠ 500 ಲೀಟರ್ ತರಿಸಬೇಕಾಗುತ್ತದೆ, ದುಡ್ಡು ಮೊದಲೇ ಎತ್ತಿಡಿ. ಕೆಲವು ಹಳ್ಳಿಗಳಲ್ಲಿ ಹತ್ತಾರು ಮನೆಯವರು ಸೇರಿ ಒಟ್ಟಿಗೆ ಆರ್ಡರ್ ಮಾಡುತ್ತಾರೆ, ಬೆಲೆ ಕಡಿಮೆಯಾಗುತ್ತದೆ. ಪಕ್ಕದ ಮನೆಯವರನ್ನು ಸಂಕೋಚ ಇಲ್ಲದೆ ಕೇಳಿ. ನಮಗೆ ಇಡೀ ಊರಿನ ಪರಿಚಯ ಆಗಿದ್ದೇ ಹೀಗೆ.

ಇನ್ನೊಂದು. ಒಂದೇ ಗಾಡಿ ಹಿಡಿಯುವ ರಸ್ತೆಯಲ್ಲಿ ಎದುರಿನವರು ದಾರಿ ಬಿಟ್ಟರೆ ಥ್ಯಾಂಕ್ಸ್ ಅಂತ ಕೈ ಎತ್ತಿ ತೋರಿಸಿ. ಮರೀಬೇಡಿ.