ಹೆಪ್ಪುಗಟ್ಟುವ ಚಳಿಯಲ್ಲಿ ಸಣ್ಣ ಟ್ರ್ಯಾಕ್ಟರನ್ನು ಮೊದಲ ಸೆಲ್ಫ್ ಹೊಡೆತಕ್ಕೇ ಎಬ್ಬಿಸಿದ ಬಗೆ

ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಮೂರು ಸಿಲಿಂಡರಿನ ಸಣ್ಣ ಡೀಸೆಲ್ ಟ್ರ್ಯಾಕ್ಟರೊಂದು ಈಥರ್ ಸ್ಪ್ರೇ (ಎಂಜಿನ್ನಿನ ಗಾಳಿದಾರಿಗೆ ಹೊಡೆಯುವ, ಬೇಗ ಹೊತ್ತಿಕೊಳ್ಳುವ ದ್ರವ) ಇಲ್ಲದೆ, ಬೇರೆ ಬ್ಯಾಟರಿಯ ಆಸರೆ ಇಲ್ಲದೆ, ಸೆಲ್ಫ್ (ಸ್ಟಾರ್ಟರ್) ಮೋಟಾರಿನ ಮೊದಲ ಹೊಡೆತಕ್ಕೇ ಸ್ಟಾರ್ಟ್ ಆಗುತ್ತದೆಂದು ನಾನು ಹೇಳಿದಾಗ ನಂಬಿದವರು ಬಹಳ ಕಡಿಮೆ. ದೊಡ್ಡ ಬ್ಯಾಟರಿ ಹಾಕು, ಇಲ್ಲವಾದರೆ ಚಳಿಗಾಲ ಮುಗಿಯುವವರೆಗೆ ಯಂತ್ರವನ್ನು ಶೆಡ್ಡಿನಲ್ಲೇ ಬಿಡು ಎಂಬುದೇ ಎಲ್ಲರ ಸಲಹೆಯಾಗಿತ್ತು. ಈಗ ಎರಡು ಚಳಿಗಾಲಗಳು ಕಳೆದಿವೆ. ಸ್ಟಾರ್ಟ್ ಆಗಲಿಲ್ಲವೆಂಬ ಕಾರಣಕ್ಕೆ ಹಿಮ ತಳ್ಳುವ ಕೆಲಸ ಒಂದು ಬೆಳಿಗ್ಗೆಯೂ ನಿಂತಿಲ್ಲ. ಆದ್ದರಿಂದ ನಾನು ಮಾಡಿದ್ದನ್ನು ಈ ಕೆಲಸ ಬಲ್ಲವರ ಮುಂದಿಡುತ್ತಿದ್ದೇನೆ.

ಹೆಚ್ಚು ಹಣ ನುಂಗಿದ್ದು ಬ್ಯಾಟರಿಯೇ. ಸಲಹೆಯಂತೆ ದೊಡ್ಡದನ್ನು ತಂದೆ. ಅದು ಹಳೆಯ ತಟ್ಟೆಯಲ್ಲಿ ಕೂರದ ಕಾರಣ ಹೊಸ ತಟ್ಟೆಯನ್ನು ಬೆಸುಗೆ ಹಾಕಿಸಬೇಕಾಯಿತು. ಇಷ್ಟಾದರೂ ಮೈನಸ್ 15ರಲ್ಲಿ ಎಂಜಿನ್ ನರಳಿಕೊಂಡು ಒಂದೆರಡು ಸುತ್ತು ತಿರುಗಿ ನಿಲ್ಲುತ್ತಿತ್ತು. ಮೈನಸ್ 18ರ ಸುಮಾರಿಗೆ ಬ್ಯಾಟರಿಯ ಬಲ ಬೇಸಿಗೆಯ ಅರ್ಧದ ಆಸುಪಾಸಿಗೆ ಇಳಿಯುತ್ತದೆ, ಅದೇ ಹೊತ್ತಿಗೆ ದಪ್ಪಗಾದ ಆಯಿಲಿನಿಂದ ಎಂಜಿನ್ ಕೇಳುವ ಬಲ ಏರುತ್ತದೆ ಎಂಬುದು ನಮಗೆಲ್ಲ ತಿಳಿದದ್ದೇ. ಆದರೆ ಇರುವ ಬಲವೂ ಸೆಲ್ಫ್ ಮೋಟಾರನ್ನು ತಲುಪುತ್ತಿದೆಯೇ ಎಂದು ಅಳೆಯುವವರು ವಿರಳ. ಸೆಲ್ಫ್ ತಿರುಗುತ್ತಿರುವಾಗಲೇ ಮಲ್ಟಿಮೀಟರ್ ಹಿಡಿದೆ: ಬ್ಯಾಟರಿಯ ಟರ್ಮಿನಲ್‌ಗಳಲ್ಲಿ ಹತ್ತು ವೋಲ್ಟಿಗೆ ಹತ್ತಿರ, ಸೆಲ್ಫ್ ಮೋಟಾರಿನ ಬಳಿ ಎಂಟೂವರೆ. ಉಳಿದದ್ದು ದಾರಿಯಲ್ಲೇ ಸೋರಿಹೋಗುತ್ತಿತ್ತು, ಅದರಲ್ಲಿ ಹೆಚ್ಚಿನ ಪಾಲು ಅರ್ಥ್ ವೈರಿನ ಕಡೆ. ಬಣ್ಣ ಮತ್ತು ತುಕ್ಕಿನ ಮೇಲೆಯೇ ಬಿಗಿದಿದ್ದ ಆ ಜೋಡಣೆಯನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಅರ್ಥ್ ವೈರನ್ನು ಚಾಸಿಗೆ ಬದಲಾಗಿ ನೇರವಾಗಿ ಸೆಲ್ಫ್ ಮೋಟಾರಿನ ಬೋಲ್ಟಿಗೇ ಒಯ್ದು, ಎರಡೂ ಕೇಬಲ್‌ಗಳನ್ನು ದಪ್ಪದವಕ್ಕೆ ಬದಲಿಸಿದ ಮೇಲೆ ಸೋರಿಕೆ ಅರ್ಧ ವೋಲ್ಟಿಗಿಂತ ಕೆಳಗಿಳಿಯಿತು. ಇದಕ್ಕೆ ತಗುಲಿದ ಖರ್ಚು ದೊಡ್ಡ ಬ್ಯಾಟರಿಯ ಬೆಲೆಯ ಹತ್ತನೆಯ ಒಂದು ಭಾಗವೂ ಇರಲಿಲ್ಲ. ಹಳೆಯ ಅಳತೆಯ ಬ್ಯಾಟರಿಯೇ ಇಂದಿಗೂ ಸಾಕಾಗುತ್ತಿದೆ.

ಇನ್ನು ಬಿಸಿಯ ವಿಷಯ. ಡೀಸೆಲ್ ಹೊತ್ತಿಕೊಳ್ಳುವುದು ಒತ್ತಿದ ಗಾಳಿಯ ಬಿಸಿಯಿಂದ. ಆ ಬಿಸಿಯನ್ನು ತಣ್ಣನೆಯ ಬ್ಲಾಕ್ (ಎಂಜಿನ್ನಿನ ಲೋಹದ ಒಡಲು) ಹೀರಿಕೊಂಡರೆ ಸೆಲ್ಫ್ ಎಷ್ಟು ಚೆನ್ನಾಗಿ ತಿರುಗಿದರೂ ಬಿಳಿ ಹೊಗೆಯಷ್ಟೇ ಬರುತ್ತದೆ. ಮೊದಲು ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ, ಅಂದರೆ ಸಂಪಿಗೆ, ಅಂಟಿಸುವ ಅಯಸ್ಕಾಂತದ ಹೀಟರ್ ಪ್ರಯತ್ನಿಸಿದೆ. ಅದರ ಬಿಸಿಯಲ್ಲಿ ಬಹುಪಾಲು ಹೊರಗಿನ ಗಾಳಿಗೇ ಹೋಯಿತು. ಸಂಪು ಅಲ್ಯುಮಿನಿಯಮ್ಮಿನದ್ದಾಗಿದ್ದರೆ ಅದು ಅಂಟುವುದೂ ಇಲ್ಲ. ಕೆಳಗಿನ ರೇಡಿಯೇಟರ್ ಹೋಸಿಗೆ ಸೇರಿಸುವ ಬಗೆಯ ಹೀಟರಿಗೆ ನನ್ನ ಯಂತ್ರದ ಹೋಸು ತೀರ ಗಿಡ್ಡವಾಯಿತು. ಕೊನೆಗೆ ಫಲ ಕೊಟ್ಟದ್ದು ಬ್ಲಾಕಿನ ಫ್ರಾಸ್ಟ್ ಪ್ಲಗ್ (ಬ್ಲಾಕಿನ ತೂತನ್ನು ಮುಚ್ಚುವ ಲೋಹದ ಬಿಲ್ಲೆ) ತೆಗೆದು ಅದೇ ತೂತಿನಲ್ಲಿ ಕೂರಿಸುವ, ಎಂಜಿನ್ನನ್ನು ತಂಪಿಡುವ ದ್ರವವಾದ ಕೂಲಂಟಿನಲ್ಲಿ ಮುಳುಗಿರುವ 400 ವಾಟಿನ ಬ್ಲಾಕ್ ಹೀಟರ್. ಇದನ್ನು ಕೂರಿಸಿದ ಮೇಲೆ ಕೂಲಂಟ್ ತುಂಬಿ, ಎಂಜಿನ್ ಓಡಿಸಿ, ಒಳಗಿನ ಗಾಳಿಯನ್ನೆಲ್ಲ ಹೊರಗೆ ಬಿಡದೆ ಹೀಟರಿನ ವಿದ್ಯುತ್ ಪ್ಲಗ್ ಚುಚ್ಚಕೂಡದು. ಗಾಳಿಯಲ್ಲಿ ಉರಿದ ಹೀಟರ್ ಬಹಳ ಹೊತ್ತು ಬಾಳುವುದಿಲ್ಲ.

ರಾತ್ರಿಯಿಡೀ ಹೀಟರ್ ಉರಿಯಬೇಕೆಂದು ಹಲವರು ಹಟ ಹಿಡಿಯುತ್ತಾರೆ. ಸಿಲಿಂಡರ್ ಹೆಡ್ಡಿನ ಮೇಲೆ ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದು ನಾನು ಹಲವು ಬೆಳಿಗ್ಗೆ ನೋಡಿದ್ದೇನೆ. ಮೊದಲ ಗಂಟೆಯಲ್ಲಿ ಬಿಸಿ ಬೇಗ ಏರುತ್ತದೆ, ಎರಡನೆಯದರಲ್ಲಿ ನಿಧಾನವಾಗುತ್ತದೆ, ಎರಡೂವರೆ ಗಂಟೆಯ ನಂತರ ಅಂಕಿ ಕದಲುವುದೇ ಕಷ್ಟ, ಏಕೆಂದರೆ ಹೀಟರ್ ಕೊಡುವಷ್ಟನ್ನು ಬ್ಲಾಕ್ ಹೊರಗಿನ ಗಾಳಿಗೆ ಕಳೆದುಕೊಳ್ಳುತ್ತಿರುತ್ತದೆ. ಹನ್ನೆರಡು ಗಂಟೆ ಉರಿಸಿದರೆ ಸುಮಾರು ಐದು ಯೂನಿಟ್ ವಿದ್ಯುತ್ತು. ಟೈಮರ್ ಇಟ್ಟು ಎರಡೂವರೆ ಗಂಟೆ ಉರಿಸಿದರೆ ಒಂದೇ ಯೂನಿಟ್, ಫಲ ಮಾತ್ರ ಅಷ್ಟೇ. ಟೈಮರಿನ ಬೆಲೆ ಮೊದಲ ಚಳಿಗಾಲದಲ್ಲೇ ಹಿಂದಿರುಗಿತು. ಬಾನೆಟ್ಟಿನ ಮೇಲೆ ಹೊದಿಕೆ ಹಾಕಿದರೆ ಇನ್ನೂ ಏಳೆಂಟು ಡಿಗ್ರಿ ಉಳಿಯುತ್ತದೆ. ಆ ಹೊದಿಕೆಯನ್ನು ಯಾವುದರಿಂದ ಹೊಲಿದೆ, ಅಡಿಯ ಗಾಳಿಯನ್ನು ಹೇಗೆ ತಡೆದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಬೇಗನೆ ಹೊತ್ತಿಕೊಳ್ಳುವ ವಸ್ತು ಬೇಡ, ಸ್ಟಾರ್ಟ್ ಮಾಡುವ ಮುನ್ನ ಅದನ್ನು ತೆಗೆದಿಡಬೇಕು ಎಂಬಷ್ಟನ್ನು ಮಾತ್ರ ಹೇಳಬಲ್ಲೆ.

ಎಂಜಿನ್ ಆಯಿಲನ್ನು 15ಡಬ್ಲ್ಯೂ-40ರಿಂದ ಸಿಂಥೆಟಿಕ್ 5ಡಬ್ಲ್ಯೂ-40ಕ್ಕೆ ಬದಲಿಸಿದೆ; ಡಬ್ಲ್ಯೂಗೆ ಮೊದಲಿನ ಅಂಕಿ ಚಿಕ್ಕದಾದಷ್ಟೂ ಆಯಿಲ್ ಚಳಿಯಲ್ಲಿ ತೆಳ್ಳಗಿರುತ್ತದೆ. ಬೆಲೆ ಹೆಚ್ಚುಕಡಿಮೆ ಇಮ್ಮಡಿಯಾದರೂ ಸಣ್ಣ ಎಂಜಿನ್ನಿಗೆ ಬೇಕಾಗುವುದು ಕೆಲವೇ ಲೀಟರ್. ಚಳಿಯಲ್ಲಿ ಎಂಜಿನ್ ತಿರುಗುವ ಪರೀಕ್ಷೆಯನ್ನು 15ಡಬ್ಲ್ಯೂ ಆಯಿಲಿಗೆ ಮೈನಸ್ 20ರಲ್ಲಿಯೂ 5ಡಬ್ಲ್ಯೂ ಆಯಿಲಿಗೆ ಮೈನಸ್ 30ರಲ್ಲಿಯೂ ಮಾಡುತ್ತಾರೆ. ಆ ಹತ್ತು ಡಿಗ್ರಿಯ ಅಂತರ ಸೆಲ್ಫ್ ಸದ್ದಿನಲ್ಲೇ ತಿಳಿಯುತ್ತದೆ. ಗೇರ್ ಬಾಕ್ಸಿನ ಆಯಿಲೂ ಗಟ್ಟಿಯಾಗಿರುವುದರಿಂದ ಕ್ಲಚ್ಚನ್ನು ಪೂರ್ತಿ ಒತ್ತಿಯೇ ಸೆಲ್ಫ್ ಹೊಡೆಯಬೇಕು, ಎಂಜಿನ್ ಎದ್ದ ಮೇಲೂ ಒಂದು ನಿಮಿಷ ಒತ್ತಿ ಹಿಡಿದು ಮೆಲ್ಲನೆ ಬಿಡಬೇಕು. ಹೈಡ್ರಾಲಿಕ್ಕನ್ನು ಹತ್ತು ನಿಮಿಷ ಮುಟ್ಟದಿರುವುದು ಪಂಪಿನ ಆಯುಷ್ಯಕ್ಕೆ ಒಳ್ಳೆಯದು.

ಸ್ಟಾರ್ಟ್ ಆಗಿ ಕಾಲು ಗಂಟೆಯ ನಂತರ ಸಾಯುವ ಎಂಜಿನ್ನಿನ ರೋಗವೇ ಬೇರೆ. ಚಳಿಗೆ ಡೀಸೆಲಿನ ಮೇಣ ಹರಳುಗಟ್ಟಿ ಫಿಲ್ಟರನ್ನು ಮುಚ್ಚುತ್ತದೆ, ಪಂಪಿಗೆ ಡೀಸೆಲ್ ಬಾರದು. ಬೇಸಿಗೆಯಲ್ಲಿ ತುಂಬಿದ ಡೀಸೆಲ್ ಟ್ಯಾಂಕಿನ ತಳದಲ್ಲಿ ಉಳಿದಿದ್ದರೆ ಇದು ಖಂಡಿತ. ಮೇಣ ಕಟ್ಟಿದ ಮೇಲೆ ಸುರಿದ ಚಳಿಗಾಲದ ಅಡಿಟಿವ್ (ಮೇಣ ಫಿಲ್ಟರನ್ನು ಮುಚ್ಚದಂತೆ ಡೀಸೆಲಿಗೆ ಬೆರೆಸುವ ದ್ರವ) ಹಣ ಚೆಲ್ಲಿದಂತೆಯೇ. ಡೀಸೆಲ್ ಇನ್ನೂ ತಿಳಿಯಾಗಿರುವಾಗಲೇ ಅದು ಬೆರೆಯಬೇಕು. ಸೀಮೆಎಣ್ಣೆ ಬೆರೆಸುವುದನ್ನೂ ಪರೀಕ್ಷಿಸಿದೆ. ಮೇಣದ ಕಾಟ ತಗ್ಗಿತು, ಆದರೆ ಸೀಮೆಎಣ್ಣೆಗೆ ಜಾರುಗುಣ ಕಡಿಮೆ. ಅದೇ ಡೀಸೆಲ್ ಇಂಜೆಕ್ಷನ್ ಪಂಪನ್ನೂ ನಯವಾಗಿಡಬೇಕಾದುದರಿಂದ ದುಬಾರಿ ಪಂಪನ್ನು ಪಣಕ್ಕಿಡಲು ಮನಸ್ಸಾಗದೆ ಕೈಬಿಟ್ಟೆ. ಈಗ ಶರತ್ಕಾಲದಲ್ಲೇ ಟ್ಯಾಂಕ್ ಬಹುತೇಕ ಖಾಲಿ ಮಾಡಿ ಚಳಿಗಾಲದ ಡೀಸೆಲ್ ತುಂಬುತ್ತೇನೆ, ಸಂಜೆ ಕೆಲಸ ಮುಗಿದೊಡನೆ ಟ್ಯಾಂಕನ್ನು ಕಂಠದವರೆಗೆ ತುಂಬಿಸಿ ಒಳಗೆ ಇಬ್ಬನಿ ಕಟ್ಟದಂತೆ ನೋಡಿಕೊಳ್ಳುತ್ತೇನೆ, ಫಿಲ್ಟರ್ ಬಟ್ಟಲಿನ ನೀರನ್ನು ಆಗಾಗ ಇಳಿಸುತ್ತೇನೆ. ಅಡಿಟಿವ್ ಬೆರೆಸುವ ನನ್ನ ಕ್ರಮವೊಂದಿದೆ. ಇನ್ನೊಂದು ಚಳಿಗಾಲ ನೋಡಿದ ಮೇಲೆ ಅದನ್ನು ಬರೆಯುತ್ತೇನೆ.

ಈಥರ್ ಸ್ಪ್ರೇ ಬಗ್ಗೆ ನನ್ನ ಮಾತು ಖಚಿತ: ಸ್ಟಾರ್ಟ್ ಮಾಡುವಾಗ ಸಿಲಿಂಡರಿನ ಒಳಗನ್ನು ವಿದ್ಯುತ್ತಿನಿಂದ ಕಾಯಿಸುವ ಗ್ಲೋ ಪ್ಲಗ್ ಇರುವ ಎಂಜಿನ್ನಿಗೆ ಅದು ಬೇಡವೇ ಬೇಡ. ಕೆಂಪಗೆ ಕಾದ ಪ್ಲಗ್ಗಿಗೆ ಈಥರ್ ತಗುಲಿದರೆ ಪಿಸ್ಟನ್ ಮೇಲೆ ಬರುವ ಮೊದಲೇ ಸಿಡಿದು ರಿಂಗ್, ಪಿಸ್ಟನ್ನುಗಳೇ ಒಡೆಯಬಹುದು. ಸ್ಪ್ರೇಗೆ ಕೊಡುವ ಹಣದಲ್ಲಿ ಸುಟ್ಟುಹೋದ ಗ್ಲೋ ಪ್ಲಗ್ಗನ್ನೇ ಬದಲಿಸಬಹುದು. ವೈರ್ ಬಿಚ್ಚಿ ಒಂದೊಂದರ ಓಮ್ ಅಳೆದರೆ ಸಾಕು. ಒಳ್ಳೆಯದು ಒಂದು ಓಮಿನ ಆಸುಪಾಸು ತೋರಿಸುತ್ತದೆ, ಸತ್ತದ್ದು ಏನನ್ನೂ ತೋರಿಸದು. ಮೂರರಲ್ಲಿ ಒಂದು ಸತ್ತರೂ ಎಂಜಿನ್ ನಡುಗಿಕೊಂಡು ಬಿಳಿ ಹೊಗೆಯಲ್ಲೇ ಏಳುತ್ತದೆ.

ಕೂಲಂಟ್ ವಿಷಯ ಚಿಕ್ಕದು. ಹೆಪ್ಪುಗಟ್ಟದಂತೆ ಬೆರೆಸುವ ಗ್ಲೈಕಾಲ್ ಮತ್ತು ನೀರು ಸಮಪಾಲಿದ್ದರೆ ಮೈನಸ್ 37ರವರೆಗೆ ಭಯವಿಲ್ಲ. ಬರೀ ಗ್ಲೈಕಾಲ್ ಸುರಿದರೆ ಮೈನಸ್ 13ರ ಹತ್ತಿರವೇ ಹೆಪ್ಪುಗಟ್ಟುತ್ತದೆ. ಬ್ಯಾಟರಿಯನ್ನು ಸಂಜೆ ಮನೆಯೊಳಗೆ ಒಯ್ಯುವ ಪದ್ಧತಿಯನ್ನೂ ಕೆಲಕಾಲ ಅನುಸರಿಸಿ ಬಿಟ್ಟಿದ್ದೇನೆ, ಏಕೆಂದರೆ ಪೂರ್ತಿ ಚಾರ್ಜಾದ ಬ್ಯಾಟರಿ ಮೈನಸ್ 50ರಲ್ಲೂ ಹೆಪ್ಪುಗಟ್ಟದು, ಖಾಲಿಯಾದದ್ದು ಮೈನಸ್ 10ರೊಳಗೇ ಒಡೆಯಬಹುದು. ಸದಾ ಜೋಡಿಸಿಟ್ಟ ಸಣ್ಣ ಚಾರ್ಜರ್ ಆ ಹೊರುವ ಶ್ರಮವನ್ನು ತಪ್ಪಿಸಿತು.

ಕೇಬಲ್, ಹೀಟರ್, ಟೈಮರ್, ಆಯಿಲ್ ಎಲ್ಲ ಸೇರಿ ಆದ ಖರ್ಚು ಆ ದೊಡ್ಡ ಬ್ಯಾಟರಿ ಮತ್ತು ತಟ್ಟೆಗೆ ಸುರಿದದ್ದಕ್ಕಿಂತ ಕಡಿಮೆಯೇ. ನಂಬದಿದ್ದವರಲ್ಲಿ ಇಬ್ಬರು ತಮ್ಮ ಯಂತ್ರಗಳಿಗೂ ಇದೇ ಹೀಟರ್ ಕೂರಿಸಿಕೊಂಡಿದ್ದಾರೆ. ಉಳಿದಿರುವುದು ವಿದ್ಯುತ್ ಸಂಪರ್ಕವಿಲ್ಲದ ದೂರದ ಶೆಡ್ಡಿನ ಸಮಸ್ಯೆ. 400 ವಾಟ್ ಹೀಟರನ್ನು 12 ವೋಲ್ಟಿನ ಬ್ಯಾಟರಿಯಿಂದ ಉರಿಸಿದರೆ 33 ಆಂಪಿಯರ್‌ಗಿಂತ ಹೆಚ್ಚು ಬೇಕು. ಎರಡು ಗಂಟೆಯಲ್ಲಿ ಸೆಲ್ಫಿಗೆ ಉಳಿಯುವುದು ಏನೂ ಇಲ್ಲ. ಆದ್ದರಿಂದ ಅಲ್ಲಿ ನಿಲ್ಲುವ ಯಂತ್ರಕ್ಕೆ ಡೀಸೆಲನ್ನೇ ಉರಿಸಿ ಕೂಲಂಟನ್ನು ಕಾಯಿಸುವ ಸಣ್ಣ ಹೀಟರ್ ಕೂರಿಸುವ ತಯಾರಿಯಲ್ಲಿದ್ದೇನೆ; ಬ್ರಾಕೆಟ್ ಸಿದ್ಧವಾಗಿದೆ, ಹೋಸುಗಳ ಜೋಡಣೆ ಬಾಕಿಯಿದೆ.