ಫಂಕ್ ಲೈವ್ ರೆಕಾರ್ಡಿಂಗ್: ಟ್ರಾಂಬೋನ್ ನುಡಿಸುವವರು ಗಮನಿಸಬೇಕಾದದ್ದು

ತಾಳಕ್ಕೆ ಒತ್ತು ಕೊಡುವ ಅಮೆರಿಕನ್ ಸಂಗೀತವಾದ ಫಂಕ್‌ನಲ್ಲಿ ಸ್ವರ ಎಲ್ಲಿ ಶುರುವಾಗಬೇಕೆಂದು ಎಲ್ಲರಿಗೂ ಗೊತ್ತಿರುತ್ತದೆ. ಹಾರ್ನ್ ಸೆಕ್ಷನ್ (ಊದುವ ವಾದ್ಯಗಳ ಗುಂಪು) ಎಡವುವುದು ಅದನ್ನು ನಿಲ್ಲಿಸುವಲ್ಲಿ. ಟ್ರಂಪೆಟ್, ಸ್ಯಾಕ್ಸೋಫೋನ್ ನಿಂತ ಮೇಲೂ ಕೆಳಗಿನ ಟ್ರಾಂಬೋನ್ ಸ್ವರ ಎಳೆದುಕೊಂಡಿದ್ದರೆ ಸ್ನೇರ್ ಡ್ರಮ್ ಹೊಡೆತಕ್ಕೆ ಬಿಟ್ಟಿದ್ದ ಜಾಗ ಮುಚ್ಚಿಹೋಗುತ್ತದೆ. ಮೊದಲೇ ಮೂವರೂ ಕೂತು ‘ಎರಡನೇ ಬೀಟ್ ಮೇಲೆ ಕಟ್’ ಎಂಬಷ್ಟು ಸ್ಪಷ್ಟವಾಗಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಗಿಡ್ಡ ಹೊಡೆತಗಳನ್ನು ನಾಲಿಗೆಯಿಂದ ‘ದಾತ್’ ಎಂದು ತಡೆದು ನಿಲ್ಲಿಸಿ. ಉದ್ದ ಸ್ವರವನ್ನು ಮಾತ್ರ ಉಸಿರು ನಿಲ್ಲಿಸಿ ಮುಗಿಸಬೇಕು, ಅಲ್ಲೂ ನಾಲಿಗೆ ತಂದರೆ ಕೊನೆ ಒರಟಾಗುತ್ತದೆ. ಫಂಕ್ ಗಾಯಕ ಜೇಮ್ಸ್ ಬ್ರೌನ್ ತಂಡದಲ್ಲಿ ಟ್ರಾಂಬೋನ್ ವಾದಕ ಫ್ರೆಡ್ ವೆಸ್ಲಿ ನುಡಿಸಿದ್ದನ್ನು ಈ ದೃಷ್ಟಿಯಿಂದ ಕೇಳಿ. ಸ್ವರಗಳ ನಡುವಿನ ಖಾಲಿ ಜಾಗವೂ ತಾಳಕ್ಕೆ ಸೇರಿದೆ.

ಚುರುಕಾದ ಸಾಲುಗಳಲ್ಲಿ ಸ್ಲೈಡ್ (ಸ್ವರ ಬದಲಿಸಲು ಹಿಂದೆ ಮುಂದೆ ಜಾರಿಸುವ ಕೊಳವೆ) ಓಡಾಟ ಕಡಿಮೆ ಮಾಡಿ. ಮಧ್ಯದ ಸಿ ಸ್ವರ ಸ್ಲೈಡಿನ 3ನೇ ಪೊಸಿಷನ್‌ನಲ್ಲಿದೆ (ಒಳಗಿನಿಂದ ಎಣಿಸಿದ ನಿಲುಗಡೆ). ಮುಂದಿನ ಡಿಗೆ 1ಕ್ಕೆ ಹಿಂತಿರುಗುವ ಬದಲು 4ಕ್ಕೆ ಹೋದರೆ ಒಂದೇ ಹೆಜ್ಜೆ. ಸ್ವರಗಳ ನಡುವೆ ಬೇಡದ ಜಾರು ಕೇಳಿಸುವುದು ಸ್ಲೈಡ್ ತಡವಾಗಿ ತಲುಪಿದಾಗ. ಬಾಸ್ ಗಿಟಾರ್ ಇರುವ ಆಳಕ್ಕೆ ಸುಮ್ಮನೆ ಇಳಿಯಬೇಡಿ, ಎರಡೂ ಕಲಸಿಹೋಗುತ್ತವೆ. ಸಿ9 ಕಾರ್ಡ್‌ಗೆ (ಸಿ, ಇ, ಜಿ, ಬಿ ಫ್ಲಾಟ್, ಡಿ ಸ್ವರಗಳ ಗುಚ್ಛ) ಮೂಲಸ್ವರ ಬಾಸ್‌ಗಿರಲಿ. ಟ್ರಾಂಬೋನ್ ಇ, ಸ್ಯಾಕ್ಸೋಫೋನ್ ಬಿ ಫ್ಲಾಟ್, ಟ್ರಂಪೆಟ್ ಡಿ ಹಿಡಿದರೆ ಸಾಕು.

ಮೈಕ್ ಅನ್ನು ಬೆಲ್‌ನಿಂದ (ವಾದ್ಯದ ಅಗಲವಾದ ತುದಿ) ಸುಮಾರು 30 ಸೆಂ.ಮೀ. ದೂರದಲ್ಲಿ, ಕೊಂಚ ಓರೆಯಾಗಿ ಇಡಿ. ಸ್ಲೈಡ್ ಬಲಗಡೆ ಚಾಚುವುದರಿಂದ ಸ್ಟ್ಯಾಂಡ್ ನಿಮ್ಮ ಎಡಗಡೆಯಿಂದ ಬರಲಿ. ಸ್ಲೈಡನ್ನು ಕೊನೆಯ 7ನೇ ಪೊಸಿಷನ್‌ವರೆಗೆ ಚಾಚಿ, ಎಲ್ಲೂ ತಾಗದೆಂದು ಖಚಿತಪಡಿಸಿಕೊಳ್ಳಿ. ಸೌಂಡ್ ಚೆಕ್‌ನಲ್ಲಿ ಹಾಡಿನ ಅತಿ ಜೋರಿನ ಹೊಡೆತವನ್ನೇ ನುಡಿಸಿ. ಮೆಲ್ಲಗೆ ಊದಿ ಲೆವೆಲ್ ಹಾಕಿಸಿಕೊಂಡರೆ ಟೇಕ್ (ಒಂದು ಸಲದ ರೆಕಾರ್ಡಿಂಗ್) ವೇಳೆ ಶಬ್ದ ಒಡೆಯುತ್ತದೆ. ಶ್ರುತಿ ನೋಡುವುದು ಹತ್ತು ನಿಮಿಷವಾದರೂ ಊದಿದ ಮೇಲೆ, ಏಕೆಂದರೆ ವಾದ್ಯ ಬಿಸಿಯಾದಂತೆ ಶ್ರುತಿ ಏರುತ್ತದೆ.

ಡ್ರಮ್ಸ್‌ನಿಂದ 4 ಮೀಟರ್ ದೂರ ನಿಂತರೆ ಶಬ್ದ ನಿಮ್ಮ ಕಿವಿಗೆ ಸುಮಾರು 12 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಅದನ್ನು ನಂಬಿ ಊದಿದರೆ ಎಲ್ಲವೂ ತುಸು ಹಿಂದೆ ಬೀಳುತ್ತದೆ. ಒಂದು ಕಿವಿಗೆ ಹೆಡ್‌ಫೋನ್ ಹಾಕಿ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಮತ್ತು ಹೈ-ಹ್ಯಾಟ್ (ಜೋಡಿ ಸಿಂಬಲ್) ಕೇಳಿ, ಇನ್ನೊಂದು ಕಿವಿ ಪಕ್ಕದ ಟ್ರಂಪೆಟ್‌ಗೆ ತೆರೆದಿರಲಿ.

ಉಸಿರಿನಿಂದ ವಾದ್ಯದೊಳಗೆ ಸೇರುವ ನೀರು ಖಾಲಿ ಮಾಡುವುದು ಟೇಕ್‌ಗಳ ನಡುವೆ, ಇಲ್ಲವಾದರೆ ಮೆಲುದನಿಯಲ್ಲಿ ಗುಳುಗುಳು ಕೇಳಿಸುತ್ತದೆ. ಸ್ವರ ತಪ್ಪಿದರೂ ನಿಲ್ಲಿಸಬೇಡಿ, ಬಾರ್ ಸಂಖ್ಯೆ ನೆನಪಿಟ್ಟುಕೊಳ್ಳಿ. ನಿಮ್ಮ ತಪ್ಪು ಡ್ರಮ್ಸ್ ಮೈಕ್‌ಗಳಲ್ಲೂ ಸೇರಿರುವುದರಿಂದ ನಿಮ್ಮೊಬ್ಬರ ಟ್ರ್ಯಾಕ್ ತಿದ್ದಿದರೆ ಸಾಲದು; ಅದೇ ಭಾಗವನ್ನು ಇನ್ನೊಂದು ಟೇಕ್‌ನಿಂದ ಇಡಿಯಾಗಿ ತರಬೇಕಾಗುತ್ತದೆ. ಕೊನೆಯ ಸ್ವರ ಮುಗಿದ ಮೇಲೆ ಸಿಂಬಲ್ ಪೂರ್ತಿ ಆರುವವರೆಗೆ ವಾದ್ಯ ಕೆಳಗಿಳಿಸದೆ ನಿಂತಿರಿ.