ಕೆಂಪು ಯೀಸ್ಟ್ ಬಿಳಚಿಕೊಂಡಾಗ: ಅಸ್ಟಾಕ್ಸಾಂಥಿನ್ ಇಳುವರಿ ಸರಿಪಡಿಸಿದ ಕ್ರಮ

ಶಿವಮೊಗ್ಗದ ನಮ್ಮ ಪ್ರಯೋಗಾಲಯದಲ್ಲಿ ಅಸ್ಟಾಕ್ಸಾಂಥಿನ್ ಎಂಬ ಕೆಂಪು ವರ್ಣದ್ರವ್ಯಕ್ಕಾಗಿ ಫಾಫಿಯಾ ರೋಡೋಜೈಮಾ ಯೀಸ್ಟನ್ನು 5 ಲೀಟರ್ ಫರ್ಮೆಂಟರಿನಲ್ಲಿ (ಸೂಕ್ಷ್ಮಜೀವಿ ಬೆಳೆಸುವ ಪಾತ್ರೆ) ಬೆಳೆಸುತ್ತೇವೆ. ಬೇಸಿಗೆಯ ಬ್ಯಾಚುಗಳಲ್ಲಿ ಯೀಸ್ಟ್ ಬೆಳೆಯಿತು, ಬಣ್ಣ ಏರಲಿಲ್ಲ. ಸೆಂಟ್ರಿಫ್ಯೂಜ್ ನಳಿಕೆಯ ತಳದಲ್ಲಿ ಕೆಂಪಿನ ಬದಲು ಕೆನೆಬಣ್ಣದ ಗಸಿ. ಮುಚ್ಚಳ ತೆಗೆದರೆ ಮದ್ಯದ ವಾಸನೆ.

ಯೀಸ್ಟ್ ಸಾರ ಹೆಚ್ಚಿಸಿದೆವು, ಹೊಸ ತಳಿ ತಂದೆವು, ಬೆಲ್ಲ ಬಿಟ್ಟು ಶುದ್ಧ ಗ್ಲೂಕೋಸ್ ಬಳಸಿದೆವು. ಫಲವಿಲ್ಲ. ಸಕ್ಕರೆ ಏರಿಸಿದಾಗ ವಾಸನೆಯೇ ಜೋರಾಯಿತು. ಸುಳಿವು ಸಿಕ್ಕಿದ್ದು ಅಲ್ಲೇ: ಸಕ್ಕರೆ ಹೆಚ್ಚಾದರೆ ಗಾಳಿಯಿದ್ದರೂ ಈ ಯೀಸ್ಟ್ ಆಲ್ಕೋಹಾಲ್ ಮಾಡುತ್ತದೆ, ಬಣ್ಣ ಕುಗ್ಗುತ್ತದೆ.

ಮೊದಲು ಉಷ್ಣತೆ. ಏಪ್ರಿಲ್ ತಿಂಗಳಲ್ಲಿ ನಲ್ಲಿಯ ನೀರಿನಿಂದ ಪಾತ್ರೆಯ ಸುತ್ತಲಿನ ಜಾಕೆಟ್ (ನೀರು ಹರಿಯುವ ಹೊದಿಕೆ) ತಂಪಾಗುವುದಿಲ್ಲ. ನೀರು ತಣಿಸುವ ಚಿಲ್ಲರ್ ಯಂತ್ರ ಜೋಡಿಸಿ 20 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲಿಸಿ. ಅಮೋನಿಯಾ ದ್ರಾವಣದಿಂದ ಪಿಎಚ್ 5.0 ಕಾಯ್ದುಕೊಳ್ಳಿ. ಆರಂಭದ ಗ್ಲೂಕೋಸ್ ಲೀಟರಿಗೆ 15 ಗ್ರಾಂ ಸಾಕು. ಅದು ಮುಗಿಯುತ್ತಲೇ ಕರಗಿದ ಆಮ್ಲಜನಕ ತೋರಿಸುವ ಮಾಪಕದ ಮುಳ್ಳು ಥಟ್ಟನೆ ಮೇಲೇರುತ್ತದೆ. ಸಕ್ಕರೆ ಉಣಿಸುವ ಪಂಪ್ ಚಾಲೂ ಮಾಡಬೇಕಾದದ್ದು ಆಗ, ಅದಕ್ಕೂ ಮುಂಚೆ ಖಂಡಿತ ಬೇಡ. ಲೀಟರಿಗೆ 500 ಗ್ರಾಂ ಗ್ಲೂಕೋಸ್ ಇರುವ ದ್ರಾವಣವನ್ನು ಹನಿಹನಿಯಾಗಿ ಬಿಡಿ. ಆಮ್ಲಜನಕ ಶೇ. 30ಕ್ಕಿಂತ ಇಳಿದರೆ ಪಂಪ್ ತಗ್ಗಿಸಿ. ಒಳಗೆ ಉಳಿದ ಸಕ್ಕರೆ ಲೀಟರಿಗೆ 2 ಗ್ರಾಂ ಮೀರದಿರಲಿ.

ಬೆಳವಣಿಗೆ ನಿಧಾನವಾದ ಮೇಲೂ ಬಣ್ಣ ಏರುತ್ತಿರುತ್ತದೆ, ಹಾಗಾಗಿ ಬ್ಯಾಚನ್ನು ಬೇಗ ಮುಗಿಸಿ ಇಳಿಸಬೇಡಿ. ಯೀಸ್ಟಿನ ಕೋಶಭಿತ್ತಿ ಗಟ್ಟಿ, ಬಣ್ಣ ಅಳೆಯುವಾಗ ಕೋಶ ಒಡೆಯಲು ಮೊದಲು ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ದ್ರಾವಕ), ಆಮೇಲೆ ಬಣ್ಣ ಹೊರತೆಗೆಯಲು ಅಸಿಟೋನ್.